ನಾಲ್ಕು ಫೈಲು, ಒಂದು ಹೆಸರು

ನೈರೋಬಿಯ ಕನ್ನಡಿಗರಲ್ಲಿ ಯಾರೇ ಊರಿಗೆ ಹೊರಟರೂ ಹಿಂದಿನ ದಿನ ಸೌತ್ ಬಿ ಬಡಾವಣೆಯ ಕಮಲಾಕ್ಷಿಗೆ ಫೋನು ಬರುತ್ತಿತ್ತು. ಹೊರಟವರ ಸೂಟ್‌ಕೇಸಿನಲ್ಲಿ ಅವರ ಬಟ್ಟೆಗಿಂತ ಬೇರೆಯವರ ಸಾಮಾನೇ ಹೆಚ್ಚಿರುವುದು ಅಲ್ಲಿಯ ಪದ್ಧತಿ. ಒಬ್ಬರ ತಂಗಿಗೆ ಸ್ವೆಟರು, ಇನ್ನೊಬ್ಬರ ಅತ್ತೆಗೆ ಕಾಫಿಪುಡಿ, ಮತ್ತೊಬ್ಬರ ಮೊಮ್ಮಗನಿಗೆ ಮರದ ಜಿರಾಫೆ. ಜಿರಾಫೆಯ ಕಾಲುಗಳ ಸಂದಿಗೆ ಕಾಲುಚೀಲ ತುರುಕಿ, ಕಾಫಿಪುಡಿಯನ್ನು ಸ್ವೆಟರಿನ ತೋಳಿನೊಳಗೆ ಮಲಗಿಸಿ, ತೂಕ ಮೀರದಂತೆ ಎಲ್ಲವನ್ನೂ ಹಿಡಿಸುವ ಕೈ ಕಮಲಾಕ್ಷಿಯದು. "ಯಾರದ್ದನ್ನೂ ಬಿಡಬಾರ್ದು, ಪಾಪ, ನಂಬಿ ಕೊಟ್ಟಿರ್ತಾರೆ" ಎನ್ನುವುದು ಅವಳ ವೇದಾಂತ. ಯಾರಾದರೂ ಹೊಗಳಿದರೆ, "ಅಯ್ಯೋ, ನಂದೇನಿದೆ ಇದ್ರಲ್ಲಿ, ಸೂಟ್‌ಕೇಸೇ ದೊಡ್ಡದಿತ್ತು" ಎಂದು ತಕ್ಷಣ ಹೊಗಳಿಕೆಯನ್ನು ಸೂಟ್‌ಕೇಸಿಗೆ ದಾಟಿಸಿಬಿಡುತ್ತಿದ್ದಳು.

ಮೈಸೂರಿನಲ್ಲಿ ಗಣಿತ ಓದಿದವಳು. ಗಂಡ ಚಿದಾನಂದ ನೈರೋಬಿಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ಅವನ ಹಿಂದೆ ಬಂದು, ಇಪ್ಪತ್ತು ವರ್ಷ ಅಲ್ಲಿಯ ಹೈಸ್ಕೂಲು ಹುಡುಗಿಯರಿಗೆ ಬೀಜಗಣಿತ ಕಲಿಸಿ, ಶಾಲೆ ಕೈಬದಲಾದಾಗ ಮನೆಗೆ ಬಂದು ಕೂತಳು. ಕೂತದ್ದು ಹೆಚ್ಚು ದಿನವಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ, ಮಗಳ ವಾರಿಗೆಯ ಹುಡುಗರ ಜೊತೆ ಕೂತು ಕಂಪ್ಯೂಟರ್ ಕೋರ್ಸ್ ಮುಗಿಸಿದಳು. ೧೯೯೪ರ ಮಾರ್ಚಿನಲ್ಲಿ ನ್ಗಾರಾದ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಸೆರಾವೊ ಡೇಟಾ ಸರ್ವಿಸಸ್ ಎಂಬ ಪುಟ್ಟ ಆಫೀಸಿಗೆ ಸೇರಿಕೊಂಡಳು. ಕಾಯಂ ಅಲ್ಲ, ಪರೀಕ್ಷೆಗೆ.

ಯಜಮಾನ ವಲೇರಿಯನ್ ಸೆರಾವೊ ಮಂಗಳೂರಿನ ಕ್ಯಾಥೊಲಿಕ್ ಮನೆತನದವನು. ಕೆಟ್ಟವನಲ್ಲ, ಆದರೆ ಒಂದು ಅಭಿಪ್ರಾಯ ತಲೆಯೊಳಗೆ ಹೊಕ್ಕರೆ ಅದಕ್ಕೆ ಹೊರಗೆ ಬರುವ ದಾರಿ ಸಿಗುತ್ತಿರಲಿಲ್ಲ. ಮೊದಲ ದಿನವೇ ಹೇಳಿದ್ದ: "ನೋಡಿ ಮೇಡಮ್, ಸಲೋಮಿಯೂ ಟೆಂಪರರಿ, ನೀವೂ ಟೆಂಪರರಿ. ಜೂನ್ ಕಳೆದ ಮೇಲೆ ಒಬ್ಬರನ್ನು ಮಾತ್ರ ಇಟ್ಕೊಳ್ಳಲಿಕ್ಕೆ ಆಗೂದು ನನಗೆ. ಈಗಲೇ ಹೇಳಿದ್ದೇನೆ, ಮತ್ತೆ ಬೇಜಾರು ಮಾಡಬಾರದು."

ಸಲೋಮಿ ಕಿಸುಮು ಕಡೆಯವಳು, ಮೂವತ್ತರ ಆಸುಪಾಸು, ಆಗ ಆರು ತಿಂಗಳ ಬಸುರಿ. ಅವಳ ಗಂಡ ಮೊಂಬಾಸಾದಲ್ಲಿ ಕೆಲಸ ಹುಡುಕುತ್ತಿದ್ದ, ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ. ಎದುರಾಳಿಯಾಗಿ ಬಂದ ಕಮಲಾಕ್ಷಿಗೆ ಅವಳೇ ಕೆಲಸ ಕಲಿಸಿದಳು. ಕಲಿಸುತ್ತಲೇ ಅವಳನ್ನು "ಮ್ವಾಲಿಮು", ಅಂದರೆ ಮೇಷ್ಟ್ರು, ಎಂದು ಕರೆಯುತ್ತಿದ್ದಳು. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ.

ಮಿಷನ್ ಆಸ್ಪತ್ರೆಯೊಂದಕ್ಕೆ ಹಸುಗೂಸುಗಳ ಲಸಿಕೆ ಕಾರ್ಡು ಮುದ್ರಿಸುವ ಪ್ರೋಗ್ರಾಮು ಆಗ ಆಫೀಸಿನ ಮುಖ್ಯ ಕೆಲಸ. ಮಗುವಿನ ಹೆಸರು, ಹುಟ್ಟಿದ ದಿನ ಕೊಟ್ಟರೆ ಯಾವ ಲಸಿಕೆ ಯಾವ ತಾರೀಖಿಗೆ ಎಂದು ಲೆಕ್ಕ ಹಾಕಿ ಕಾರ್ಡು ಹೊರಬರಬೇಕು. ತಾರೀಖಿನ ಲೆಕ್ಕ ಸಲೋಮಿಯದು, ಅದು ಮೂರು ಫೈಲುಗಳಲ್ಲಿತ್ತು. ಕಾರ್ಡಿನ ಅಂದಚೆಂದ ಕಮಲಾಕ್ಷಿಯದು, ಅದು ಒಂದೇ ಫೈಲು. ಇಬ್ಬರೂ ಬರೆಯುತ್ತಿದ್ದುದು ಒಂದೇ ಮಶೀನಿನ ಒಂದೇ ಡೈರೆಕ್ಟರಿಯಲ್ಲಿ, ಒಂದೇ ಅಡುಗೆಮನೆಯಲ್ಲಿ ಇಬ್ಬರು ಅಡುಗೆ ಮಾಡಿದ ಹಾಗೆ.

ಬರೆದದ್ದು ಸರಿಯಾಯಿತು ಎನಿಸಿದಾಗ ಅದನ್ನು ಮಶೀನಿನ ಶಾಶ್ವತ ಸಂಗ್ರಹಕ್ಕೆ ಒಪ್ಪಿಸಬೇಕು. ಅದಕ್ಕೆ ಕಮಿಟ್ ಎಂದು ಹೆಸರು. ಒಪ್ಪಿಸಿದ್ದು ಮಾತ್ರ ಗಿರಾಕಿಗೆ ಹೋಗುತ್ತದೆ. ಕಮಿಟ್ ಎಂದು ಹೊಡೆದು ಮುಂದೆ ಫೈಲುಗಳ ಹೆಸರು ಕೊಟ್ಟರೆ ಅಷ್ಟೇ ಹೋಗುತ್ತವೆ. ಹೆಸರು ಕೊಡದೆ ಒತ್ತಿದರೆ ಬದಲಾದದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಒತ್ತಿದವರ ಹೆಸರು ಪಕ್ಕದಲ್ಲಿ ಕೂರುತ್ತದೆ, ಬರೆದವರು ಯಾರೆಂದು ಮಶೀನು ಕೇಳುವುದಿಲ್ಲ.

ಸಂಜೆ ಹೊರಡುವ ಮುಂಚೆ ಸಲೋಮಿ ತನ್ನ ಫೈಲುಗಳನ್ನು ಒಂದೊಂದಾಗಿ ನೋಡಿ, ಕೆಲವನ್ನು ಒಪ್ಪಿಸಿ, ಕೆಲವನ್ನು ಹಾಗೆಯೇ ಬಿಟ್ಟು, "ಇದು ಬಾಡೋ" ಎನ್ನುತ್ತಿದ್ದಳು. ಬಾಡೋ ಎಂದರೆ ಇನ್ನೂ ಇಲ್ಲ. ಕಮಲಾಕ್ಷಿಗೆ ಇದು ಹಿಡಿಸುತ್ತಿರಲಿಲ್ಲ. ಕಷ್ಟಪಟ್ಟು ಬರೆದದ್ದನ್ನು ಬಾಗಿಲಲ್ಲಿ ನಿಲ್ಲಿಸಿ ಹೋಗುವುದೆಂದರೇನು?

"ಅರ್ಧವಾದರೂ ಒಳಗಿರಲಿ ಬಿಡು, ಸುರಕ್ಷಿತ," ಎಂದಳು ಒಮ್ಮೆ.

"ಒಳಗೆ ಹೋದರೆ ಅದು ಮುಗಿದಿದೆ ಅಂತ ನಾನು ಮಾತು ಕೊಟ್ಟ ಹಾಗೆ, ಮ್ವಾಲಿಮು," ಎಂದಳು ಸಲೋಮಿ.

ಕಮಲಾಕ್ಷಿ ತಲೆಯಾಡಿಸಿದಳು. ಅರ್ಥವಾಯಿತು ಎಂದಲ್ಲ. ಇಪ್ಪತ್ತು ವರ್ಷ ಅವಳ ಮುಂದೆ ಹುಡುಗಿಯರು ಆಡಿಸಿದ್ದೂ ಅದೇ ರೀತಿಯ ತಲೆ.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ, ದಿನ ತುಂಬುವುದಕ್ಕೆ ಮುಂಚೆಯೇ ಸಲೋಮಿಗೆ ಆಫೀಸಿನಲ್ಲಿ ನೋವು ಶುರುವಾಯಿತು. ವಲೇರಿಯನ್ ತನ್ನ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಅವಳನ್ನು ಸೇರಿಸಿ, ಅಲ್ಲಿಂದಲೇ ಫೋನು ಮಾಡಿದ: "ಮೇಡಮ್, ಕಾರ್ಡಿನ ಫ್ಲಾಪಿ ಮಧ್ಯಾಹ್ನಕ್ಕೆ ಬೇಕೇ ಬೇಕು. ಮಿಷನ್ ಆಸ್ಪತ್ರೆಯ ಸಿಸ್ಟರ್ ನನ್ನ ಜೀವ ತಿಂತಿದ್ದಾರೆ. ಇದ್ದದ್ದನ್ನು ಕಮಿಟ್ ಮಾಡಿ, ಫ್ಲಾಪಿ ತೆಗೆದಿಡಿ."

ಕಮಲಾಕ್ಷಿ ಮಶೀನಿನ ಮುಂದೆ ಕೂತಳು. ಬದಲಾದ ಫೈಲುಗಳು ಯಾವುವು ಎಂದು ಕೇಳಿದರೆ ಪರದೆಯ ಮೇಲೆ ನಾಲ್ಕು ಹೆಸರು ಬಂದವು. ಒಂದು ಅವಳದು, ಮೂರು ಸಲೋಮಿಯವು. ನಿನ್ನೆ ಸಂಜೆ ಆ ಮೂರಕ್ಕೂ ಸಲೋಮಿ ಬಾಡೋ ಎಂದಿದ್ದಳು, ನಿಜ. ಆದರೆ ಈ ಬೆಳಿಗ್ಗೆ ಬೇಗ ಬಂದು ಏನೋ ಬರೆಯುತ್ತಿದ್ದಳಲ್ಲ, ಒಮ್ಮೆ ನಕ್ಕಳೂ ಅಲ್ಲವೇ? ಮುಗಿದದ್ದಕ್ಕೆ ನಕ್ಕಳೋ, ಹೊಟ್ಟೆಯೊಳಗೆ ಮಗು ಒದ್ದದ್ದಕ್ಕೆ ನಕ್ಕಳೋ? ತನ್ನದೊಂದನ್ನೇ ಕಳಿಸಿದರೆ ಕಾರ್ಡು ಸೊಗಸಾಗಿ ಬರುತ್ತದೆ, ದಡಾರದ ಲಸಿಕೆಯ ಕಾಲಂ ಮಾತ್ರ ಖಾಲಿ. ನಾಲ್ಕನ್ನೂ ಸೇರಿಸಿ ಒಂದು ಕಾರ್ಡು ತೆಗೆದು ನೋಡಿದಳು. ಎಲ್ಲ ಕಾಲಮ್ಮೂ ತುಂಬಿ ಲಕ್ಷಣವಾಗಿ ಬಂತು. ಅವಳ ಗೊಂದಲ ಇನ್ನಷ್ಟು ಹೆಚ್ಚಿತು.

ಗಂಡನಿಗೆ ಫೋನು ಮಾಡಿದಳು.

"ನಿಂದು ನೀನು ಕಳ್ಸು, ಅವಳದ್ದು ಅವಳು ಕಳಿಸ್ಲಿ. ಇದಕ್ಕೂ ನನ್ನನ್ನ ಕೇಳ್ಬೇಕೇನೆ?" ಎಂದ ಚಿದಾನಂದ.

"ಅವಳು ಹೆರಿಗೆ ವಾರ್ಡಲ್ಲಿದಾಳೆ ರೀ."

"ಹಾಗಾದ್ರೆ ಎಲ್ಲಾನೂ ಕಳ್ಸು."

"ಅವಳು ಬೇಡ ಅಂದಿದ್ಲು ಅನ್ಸುತ್ತೆ."

"ಹಾಗಾದ್ರೆ ಕಳಿಸ್ಬೇಡ. ನಂಗೆ ಕ್ಲಾಸಿದೆ ಕಣೇ."

ಇಂಥ ಸಲಹೆ ಕೊಡುವ ಗಂಡನನ್ನು ಕಟ್ಟಿಕೊಂಡು ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದಕ್ಕೆ ಅವಳಿಗೆ ಯಾರಾದರೂ ಸನ್ಮಾನ ಮಾಡಬೇಕಿತ್ತು. ಫೋನಿಟ್ಟು ಮತ್ತೆ ಪರದೆ ನೋಡಿದಳು. ಹೆಣ್ಣುಮಗಳು ಅಲ್ಲಿ ನೋವು ತಿನ್ನುತ್ತಿರುವಾಗ ಅವಳ ಮೂರು ತಿಂಗಳ ಕೆಲಸವನ್ನು ಹಿಂದೆ ಬಿಟ್ಟು, ತನ್ನದೊಂದನ್ನೇ ಮುಂದೆ ಕಳಿಸುವುದೇ? ಅದು ಸ್ವಾರ್ಥವಾಗುತ್ತದೆ ಎನಿಸಿತು. ಹೆಸರು ಕೊಡದೆ ಕಮಿಟ್ ಎಂದು ಹೊಡೆದಳು. ಏನು ಮಾಡಿದಿರಿ, ಒಂದು ಮಾತು ಬರೆಯಿರಿ ಎಂದಿತು ಮಶೀನು. 'ಎಲ್ಲ ಮುಗಿಯಿತು' ಎಂದು ಇಂಗ್ಲಿಷಿನಲ್ಲಿ ಬರೆದು ಒತ್ತಿದಳು. ನಾಲ್ಕೂ ಹೋದವು. ನಾಲ್ಕರ ಪಕ್ಕದಲ್ಲೂ ಕಮಲಾಕ್ಷಿ ಎಂದು ಕೂತಿತು. ಅದನ್ನು ಅವಳು ನೋಡಿದಳು, ಆದರೆ ಅದರ ಅರ್ಥ ಆಗ ಹೊಳೆಯಲಿಲ್ಲ.

ಸಲೋಮಿಗೆ ಹೆಣ್ಣು ಮಗುವಾಯಿತು. ಮಿಷನ್ ಆಸ್ಪತ್ರೆಯ ಸಿಸ್ಟರು ಕಾರ್ಡು ನೋಡಿ ಕುಣಿದಾಡಿದರಂತೆ. ಮುಂದಿನ ವಾರ ವಲೇರಿಯನ್ ಮೂರು ತಿಂಗಳ ಕಮಿಟ್‌ಗಳನ್ನು ಪರದೆಯ ಮೇಲೆ ತೆಗೆದು ನೋಡಿದ. ಆಮೇಲೆ ಕಮಲಾಕ್ಷಿಯನ್ನು ಕರೆದು ಕೈಕುಲುಕಿದ.

"ಎಂತ ಮಾರಾಯ್ರೆ ನೀವು! ದಡಾರದ ಲೆಕ್ಕ ಸಮೇತ ಎಲ್ಲ ನೀವೇ ಮಾಡಿದ್ದಲ್ವಾ? ಸಲೋಮಿ ಮೂರು ತಿಂಗಳು ಕೂತು ಎಂತ ಮಾಡಿದ್ದು ಅಂತ ನನಗೆ ಗೊತ್ತಾಗ್ಲಿಲ್ಲ. ಅವಳ ಹೆಸರಲ್ಲಿ ಇರೂದು ನಾಲ್ಕು ಚಿಲ್ಲರೆ ಕೆಲಸ. ನಿಮ್ಮದು ಪರ್ಮನೆಂಟ್. ಅವಳಿಗೊಂದು ಪತ್ರ ಬರೆದುಬಿಡ್ತೇನೆ, ರಜೆ ಮುಗಿಸಿ ಬರುವ ಕಷ್ಟ ಬೇಡ ಅಂತ."

ಕಮಲಾಕ್ಷಿ ಕಕ್ಕಾಬಿಕ್ಕಿಯಾದಳು. ಮೊದಲು ಆದದ್ದು ಸಂತೋಷ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಸಂತೋಷದ ಬೆನ್ನಿಗೇ ಸಲೋಮಿಯ 'ಬಾಡೋ' ನೆನಪಾಯಿತು.

"ಅಯ್ಯೋ ಸರ್, ನಂದೇನಿದೆ ಇದ್ರಲ್ಲಿ? ಎಲ್ಲಾ ಸಲೋಮಿನೇ ಮಾಡಿದ್ದು."

ವಲೇರಿಯನ್ ಬಾಯಿತುಂಬ ನಕ್ಕ. "ಇದೇ ನಿಮ್ಮ ದೊಡ್ಡ ಗುಣ. ನಮ್ಮಮ್ಮನೂ ಹೀಗೇ, ಐವತ್ತು ಜನಕ್ಕೆ ಅಡುಗೆ ಮಾಡಿ 'ನಾನೆಂತ ಮಾಡಿದ್ದು, ತೆಂಗಿನಕಾಯಿ ಒಳ್ಳೇದಿತ್ತು' ಅಂತಿದ್ರು."

"ಇಲ್ಲ ಸರ್, ನಿಜವಾಗ್ಲೂ ನಂದೇನೂ ಇಲ್ಲ."

"ಆಯ್ತು ಆಯ್ತು," ಎಂದ ಅವನು. ಅವಳ ಮೇಲಿನ ಗೌರವ ಇನ್ನಷ್ಟು ಏರಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

ಮನೆಗೆ ಹೋಗುವ ಮಟಾಟು ವ್ಯಾನಿನಲ್ಲಿ ಅವಳು ಇಳಿಯುವ ಸ್ಟೇಜು ದಾಟಿ ಹೋಗಿ, ಹಿಂದಕ್ಕೆ ನಡೆದು ಬಂದಳು. ನಿಜ ಹೇಳಿದರೂ ನಂಬದವನಿಗೆ ಹೇಳುವುದು ಹೇಗೆ? ಇನ್ನೂ ಕೆಟ್ಟ ಯೋಚನೆಯೊಂದು ಬಂತು. ನಿಜ ಯಾವುದು? ಸಲೋಮಿಯ ಫೈಲುಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು ತಾನೂ ಮುಟ್ಟಿರಲಿಲ್ಲವೇ? ಒಮ್ಮೆ ಸಲೋಮಿ ಕೇಳಿದಾಗ ಭಾಗಾಕಾರದ ಒಂದು ಉಪಾಯ ಹೇಳಿರಲಿಲ್ಲವೇ? ಹಾಗಾದರೆ ಸ್ವಲ್ಪವಾದರೂ ತನ್ನದೇ? ಚಿದಾನಂದನ ಮುಂದೆ ಇದನ್ನೆಲ್ಲ ತೋಡಿಕೊಂಡಳು. "ಪರ್ಮನೆಂಟ್ ಆಯ್ತಲ್ಲ, ಸುಮ್ನಿರೇ," ಎಂದ ಅವನು. ಸುಮ್ಮನಿರುವುದೇ ಸರಿ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಮಗುವಿಗೊಂದು ಉಣ್ಣೆಯ ಟೋಪಿ ಹಿಡಿದು ಉಮೋಜಾದಲ್ಲಿದ್ದ ಸಲೋಮಿಯ ಮನೆಗೆ ಹೋದಳು. ಸಲೋಮಿ ಮಗುವನ್ನು ಅವಳ ತೊಡೆಯ ಮೇಲಿಟ್ಟು, ಚಹಾ ಕೊಟ್ಟು, ಕೂತ ಮೇಲೆ ಕೇಳಿದ ಮೊದಲ ಮಾತೇ ಫೈಲುಗಳದು.

"ನನ್ನವು ಹಾಗೇ ಇವೆ ತಾನೆ, ಮ್ವಾಲಿಮು? ಯಾರೂ ಮುಟ್ಟಿಲ್ಲವಲ್ಲ? ತಿಂಗಳ ಕೊನೆಯಲ್ಲಿ ಹುಟ್ಟಿದ ಮಕ್ಕಳದೊಂದು ಬಾಕಿ ಇದೆ. ಮೇ ಮೂವತ್ತಕ್ಕೆ ಹುಟ್ಟಿದ ಮಗುವಿಗೆ ಒಂಬತ್ತು ತಿಂಗಳು ಕೂಡಿಸಿದರೆ ನನ್ನ ಲೆಕ್ಕ ಫೆಬ್ರವರಿ ಮೂವತ್ತು ಅನ್ನುತ್ತೆ." ಅವಳು ನಕ್ಕಳು. "ಆ ಬೆಳಿಗ್ಗೆ ಅದನ್ನು ನೋಡಿ ನಗು ಬಂತು. ಅಷ್ಟರಲ್ಲಿ ಇವಳು ಹೊರಟಳು. ವಾಪಸ್ ಬಂದು ಅದನ್ನು ಸರಿಮಾಡಿ ಎಲ್ಲ ಒಟ್ಟಿಗೆ ಕಳಿಸುತ್ತೇನೆ. ಆಗ ಯಜಮಾನರಿಗೆ ಗೊತ್ತಾಗುತ್ತೆ ನಾನು ಏನು ಮಾಡುತ್ತಿದ್ದೆ ಅಂತ."

ಕಮಲಾಕ್ಷಿ ಚಹಾ ಲೋಟವನ್ನು ಕೆಳಗಿಟ್ಟು, ಮಗುವನ್ನು ಬಿಗಿಯಾಗಿ ಹಿಡಿದುಕೊಂಡು, ಎಲ್ಲ ಹೇಳಿದಳು. ನಾಲ್ಕೂ ಫೈಲು ಕಳಿಸಿದ್ದು, ತನ್ನ ಹೆಸರು ಬಿದ್ದದ್ದು, ವಲೇರಿಯನ್ ಪತ್ರ ಬರೆಯುತ್ತಿರುವುದು. ತಾನು ಹೇಳಿದ್ದು ಅವನು ನಂಬದಿರುವುದು.

ಸಲೋಮಿ ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡಳು.

"ನಾನು ಬಾಡೋ ಅಂದಿದ್ದೆ."

"ಅಂದಿದ್ದೆ. ನಿನ್ನದನ್ನು ಬಿಟ್ಟು ನನ್ನದನ್ನು ಮಾತ್ರ ಕಳಿಸುವುದು ತಪ್ಪು ಅನ್ನಿಸಿತು ನನಗೆ."

"ಬಿಟ್ಟಿದ್ದರೆ ಅವು ನನ್ನವಾಗಿಯೇ ಇರುತ್ತಿದ್ದವು," ಎಂದಳು ಸಲೋಮಿ. ಅವಳ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು ಎನಿಸಿತು ಕಮಲಾಕ್ಷಿಗೆ. "ಈಗ ನಿಜ ಹೇಳಿದರೂ ನನಗೆ ಸಿಗುವುದು ಫೆಬ್ರವರಿ ಮೂವತ್ತು. ಹೇಳದಿದ್ದರೆ ಅದೂ ಇಲ್ಲ. ನೀವೇ ಯೋಚನೆ ಮಾಡಿ, ಮ್ವಾಲಿಮು. ನನಗೆ ಇವಳಿಗೆ ಹಾಲು ಕೊಡಬೇಕು."

ಅಲ್ಲಿಂದ ಹೊರಟ ಕಮಲಾಕ್ಷಿಗೆ ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಂದಲ ಮಾತ್ರ ಹೋಗಿತ್ತು. ಕೆಟ್ಟದ್ದು. ಅದನ್ನು ಬಿಚ್ಚುವುದು ಹೇಗೆಂಬ ಗೊಂದಲ ಅದರ ದುಪ್ಪಟ್ಟಾಗಿತ್ತು. ಎಲ್ಲ ಸಲೋಮಿಯದು ಎಂದರೆ ತಪ್ಪೂ ಅವಳ ತಲೆಗೆ ಹೋಗುತ್ತದೆ. ತಪ್ಪು ನನ್ನದು ಎಂದರೆ ಕೆಲಸವೂ ತನ್ನದೆಂದು ಒಪ್ಪಿಕೊಂಡ ಹಾಗಾಗುತ್ತದೆ. ಭಾನುವಾರವಿಡೀ ಒಗ್ಗರಣೆ ಸೀದು, ಸಾರಿಗೆ ಎರಡು ಸಲ ಉಪ್ಪು ಬಿತ್ತು. ಚಿದಾನಂದ ಮಾತಿಲ್ಲದೆ ಉಂಡ, ಅದೊಂದು ಪುಣ್ಯ.

ಸೋಮವಾರ ಬೆಳಿಗ್ಗೆ ವಲೇರಿಯನ್‌ನ ಮೇಜಿನ ಮೇಲೆ ಎರಡು ಲಕೋಟೆ ಇದ್ದವು. ಒಂದು ಅವಳಿಗೆ, ಇನ್ನೊಂದು ಸಲೋಮಿಗೆ. ಅವನು ಫೋನಿನಲ್ಲಿ ಸಿಸ್ಟರ ಹತ್ತಿರ ಬೈಸಿಕೊಂಡು ಮುಗಿಸಿದ್ದಷ್ಟೇ.

"ಬನ್ನಿ ಮೇಡಮ್. ಫೆಬ್ರವರಿ ಮೂವತ್ತಕ್ಕೆ ಬನ್ನಿ ಅಂತ ಕಾರ್ಡು ಕೊಟ್ಟಿದ್ದೇವಂತೆ ಒಂದು ತಾಯಿಗೆ. ದೊಡ್ಡದೇನಲ್ಲ, ನಿಮಗೆ ಐದು ನಿಮಿಷದ ಕೆಲಸ. ಸರಿ ಮಾಡಿ ಕೊಡಿ."

"ನನಗೆ ಗೊತ್ತಿಲ್ಲ ಸರ್."

"ಹಾಗೆಲ್ಲ ಹೇಳ್ಬೇಡಿ. ನಿಮಗೆ ಗೊತ್ತಿಲ್ಲದೆ ಮತ್ಯಾರಿಗೆ ಗೊತ್ತು?"

"ಅದು ಸಲೋಮಿ ಬರ್ದಿದ್ದು ಸರ್. ನಾನೇನೂ ಮಾಡಿಲ್ಲ."

"ಪುನಃ ಶುರು ಮಾಡಿದ್ರಲ್ಲ ಮಾರಾಯ್ರೆ!" ಅವನು ಪ್ರೀತಿಯಿಂದ ಗದರಿ, ಅವಳ ಲಕೋಟೆಯನ್ನು ಮುಂದಕ್ಕೆ ತಳ್ಳಿದ.

ಕಮಲಾಕ್ಷಿ ಲಕೋಟೆಯನ್ನೇ ನೋಡುತ್ತ ನಿಂತಳು. ನಾನೇನೂ ಮಾಡಿಲ್ಲ ಎಂಬ ಮಾತನ್ನು ಅವಳು ಬುದ್ಧಿ ಬಂದಾಗಿನಿಂದ ಆಡುತ್ತ ಬಂದಿದ್ದಳು. ಆಡಿದಾಗಲೆಲ್ಲ ಎದುರಿಗಿದ್ದವರು ಅದನ್ನು ನಂಬಬಾರದು ಎಂಬುದೂ ಆ ಮಾತಿನೊಳಗೇ ಇತ್ತು. ಈಗ ನಂಬಿ ಎಂದರೆ ಯಾರು ನಂಬುತ್ತಾರೆ? ಏನೂ ಮಾಡಿಲ್ಲ ಎನ್ನುವುದೂ ಸುಳ್ಳೇ. ಒಂದು ಫೈಲನ್ನು ಅವಳು ಮಾಡಿದ್ದಳು. ಮೂರು ವಾರ ಅದರ ಹಿಂದೆ ಬಿದ್ದು ಮಾಡಿದ್ದಳು. ಅದನ್ನು ತನ್ನದು ಎನ್ನದೆ ಉಳಿದದ್ದು ತನ್ನದಲ್ಲ ಎಂದು ತೋರಿಸುವ ದಾರಿ ಇರಲಿಲ್ಲ. ಕಣ್ಣೆತ್ತಿ ಬಾಯಿ ತೆರೆದಳು.

"ಸರ್, ಕಾರ್ಡು ಎರಡಾಗಿ ಮಡಚಿದ್ರೂ ಮಗುವಿನ ಹೆಸರು ಮಡಿಕೆಗೆ ಸಿಗಲ್ಲ, ಗಮನಿಸಿದೀರಾ? ಉದ್ದ ಹೆಸರಾದ್ರೂ ಗೆರೆ ದಾಟಲ್ಲ. ಅಂಚು ನಾಲ್ಕು ಕಡೆನೂ ಸಮ ಇದೆ. ಅದು ನಾನು ಮಾಡಿದ್ದು. ತುಂಬಾ ಚೆನ್ನಾಗಿ ಮಾಡಿದೀನಿ. ಈ ಆಫೀಸಲ್ಲಿ ಬೇರೆ ಯಾರೂ ಅಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ."

ವಲೇರಿಯನ್‌ನ ನಗು ಅರ್ಧಕ್ಕೇ ನಿಂತಿತು. ಅವಳ ಕಿವಿಯೆಲ್ಲ ಬಿಸಿಯಾಗಿತ್ತು. ಮೈಮೇಲಿನ ಸೆರಗು ಜಾರಿದಷ್ಟು ನಾಚಿಕೆಯಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

"ಅದು ನಾಲ್ಕರಲ್ಲಿ ಒಂದು ಫೈಲು. ಉಳಿದ ಮೂರು ಸಲೋಮಿದು. ಅದರೊಳಗೆ ಫೆಬ್ರವರಿ ಯಾಕೆ ಕೆಟ್ಟಿದೆ ಅಂತ ನೀವು ನನ್ನನ್ನ ಇಡೀ ದಿನ ಇಲ್ಲಿ ನಿಲ್ಲಿಸಿದ್ರೂ ಹೇಳೋಕಾಗಲ್ಲ. ಅವಳಿಗೆ ಗೊತ್ತು. ಗೊತ್ತಿದ್ದಕ್ಕೇ ಅವಳು ಕಳಿಸಿರ್ಲಿಲ್ಲ. ಕಳ್ಸಿದ್ದು ನಾನು. ಕೆಲಸ ಅವಳದು, ತಪ್ಪು ನಂದು."

ವಲೇರಿಯನ್ ಅವಳ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ. ತಾನು ಕಂಡ ಹೆಂಗಸರಲ್ಲಿ ಯಾರೂ 'ನಾನು ಚೆನ್ನಾಗಿ ಮಾಡಿದ್ದೇನೆ' ಎಂದದ್ದನ್ನು ಅವನು ಕೇಳಿರಲಿಲ್ಲ. ಹಾಗೆ ಹೇಳುವವಳು ಉಳಿದದ್ದು ತನ್ನದಲ್ಲ ಎಂದರೆ ಅದು ಅವಳದಲ್ಲದೇ ಇರಬೇಕು ಎಂದು ಅವನ ತಲೆಗೂ ಕಡೆಗೆ ಹೊಕ್ಕಿತು.

ಸಲೋಮಿಯ ಲಕೋಟೆಯನ್ನು ಎತ್ತಿ, ಉದ್ದಕ್ಕೆ ಹರಿದು, ಬುಟ್ಟಿಗೆ ಹಾಕಿದ. ಆಮೇಲೆ ಅವಳ ಲಕೋಟೆಯ ಮೇಲೆ ಕೈಯಿಟ್ಟ.

"ಕೆಲಸ ಒಬ್ಬರಿಗೇ ಇರೂದು, ಮೇಡಮ್."

"ಗೊತ್ತು ಸರ್."

"ಇದು ಅವಳಿಗೆ ಹೋಗ್ತದೆ ಹಾಗಾದ್ರೆ."

"ಅವಳಿಗೇ ಹೋಗ್ಬೇಕು."

ಅವನು ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಕಮಲಾಕ್ಷಿಗೆ ಅಳು ಬರುವ ಹಾಗಾಯಿತು. ಎದೆ ಮಾತ್ರ ಹಗುರಾಗಿತ್ತು. ಎರಡೂ ಒಟ್ಟಿಗೆ ಯಾಕಾಗುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ತಿರುಗಿ ಹೊರಟವಳನ್ನು ವಲೇರಿಯನ್ ಕರೆದು ನಿಲ್ಲಿಸಿದ. ಅವನ ಮುಖದಲ್ಲಿ ನಿಜವಾದ ಅನುಮಾನವೊಂದು ಇತ್ತು.

"ಅಲ್ಲ ಮೇಡಮ್, ಅಂಚು, ಗೆರೆ, ಮಡಿಕೆ ಅಂದ್ರಲ್ಲ? ಅದು ಪ್ರಿಂಟರ್ ತನ್ನಷ್ಟಕ್ಕೆ ಮಾಡೂದಲ್ವಾ?"

"ಅಲ್ಲ ಸರ್. ನಾನು," ಎಂದಳು ಕಮಲಾಕ್ಷಿ. ಪ್ರಿಂಟರಿನ ಹತ್ತಿರ ಬಿದ್ದಿದ್ದ ಒಂದು ಕಾರ್ಡು ತಂದು ಅವನ ಮೇಜಿನ ಮೇಲಿಟ್ಟು, ಎರಡಾಗಿ ಮಡಚಿ, ಮಗುವಿನ ಹೆಸರು ಎಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸತೊಡಗಿದಳು.